ಘಟಪ್ರಭೆಯ ದಡದಲ್ಲಿ ವಿದ್ಯುದ್ವಾಹನಕ್ಕೊಂದು ಎಡೆ

ಗೋಕಾಕದ ಬಂಡೆಗಳಿಂದ ಧುಮುಕುವ ಘಟಪ್ರಭೆಯ ಬಲವನ್ನು 1887ರಷ್ಟು ಹಿಂದೆಯೇ ಹತ್ತಿಯ ಗಿರಣಿಯ ಚಾಲನೆಗೆ ಹಚ್ಚಿದ, ತರುವಾಯ ಹಿಡಕಲ್ಲಿನಲ್ಲಿ ಅದೇ ನದಿಗೆ ಅಣೆ ಕಟ್ಟಿ ಸುಮಾರು 51 ಟಿ.ಎಂ.ಸಿ. ನೀರನ್ನು ತಡೆದು, 32 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವನ್ನೂ ಸ್ಥಾಪಿಸಿಕೊಂಡ ಈ ಸೀಮೆಗೆ ಹಸಿರು ಫಲಕದ ವಾಹನವು ಬಂದು ನಿಂತಾಗ, ಅದಕ್ಕೆ ಬೇಕಾದ ವಿದ್ಯುತ್ತನ್ನು ಯಾರು, ಎಲ್ಲಿ, ಯಾವ ನಿಯಮದಂತೆ ಕೊಡಬೇಕೆಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ.

ವಿದ್ಯುತ್ತನ್ನು ವಿತರಿಸಲು ಪರವಾನಗಿ ಬೇಕೆಂಬುದು 2003ರ ವಿದ್ಯುಚ್ಛಕ್ತಿ ಕಾಯಿದೆಯ ವಿಧಿ. ಆದರೆ ವಾಹನವನ್ನು ಚಾರ್ಜ್ ಮಾಡಿಕೊಡುವುದು ವಿದ್ಯುತ್ತಿನ ಮಾರಾಟವಲ್ಲ, ಒಂದು ಸೇವೆ ಎಂದು ಕೇಂದ್ರ ಇಂಧನ ಸಚಿವಾಲಯವು 2018ರ ಏಪ್ರಿಲಿನಲ್ಲಿ ಸ್ಪಷ್ಟಪಡಿಸಿತು. ಈ ಒಂದು ವ್ಯಾಖ್ಯಾನದಿಂದ ಖಾನಾವಳಿಯ ಯಜಮಾನನೂ, ಪೇಟೆಯ ಅಂಗಡಿಕಾರನೂ, ಪೆಟ್ರೋಲ್ ಬಂಕಿನವನೂ ಪರವಾನಗಿಯ ಹಂಗಿಲ್ಲದೆ ಚಾರ್ಜಿಂಗ್ ಸ್ಟೇಷನ್ ತೆರೆಯುವ ಅಧಿಕಾರವನ್ನು ಪಡೆದರು. ಸ್ವಂತ ಮನೆಯಲ್ಲಂತೂ ಇರುವ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಲು ಅದೇ ಸಚಿವಾಲಯದ ಮಾರ್ಗಸೂಚಿಯು ಅನುಮತಿಸಿದೆ.

ಸಂಪರ್ಕಕ್ಕೆ ಅರ್ಜಿ ಕೊಡುವ ಬಾಗಿಲು ಮಾತ್ರ ಇಲ್ಲಿ ಎರಡು. ಗೋಕಾಕದವರೂ, ಅದರಿಂದ ಬೇರ್ಪಟ್ಟ ಮೂಡಲಗಿಯವರೂ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂಗೆ ಹೋಗಬೇಕು. ಹುಕ್ಕೇರಿ ತಾಲೂಕಿನವರು, ಅಣೆಯಿರುವ ಹಿಡಕಲ್ಲಿನವರೂ ಸೇರಿ, ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ. ದೇಶದಲ್ಲಿ ಪ್ರಾಯೋಗಿಕವಾಗಿ ಐದೇ ಕಡೆ ಆರಂಭಿಸಲಾದ ಇಂಥ ಸಂಘಗಳಲ್ಲಿ 1969ರಲ್ಲಿ ನೋಂದಣಿಯಾದ ಹುಕ್ಕೇರಿಯದೂ ಒಂದು. ಸದಸ್ಯರ ಒಡೆತನದ ಇಂಥ ಸಂಸ್ಥೆಯು, ತನ್ನ ತಾಲೂಕಿನ ಸಂಕೇಶ್ವರವನ್ನು ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯ ಪ್ರಯಾಣಿಕನಿಗೂ ತನ್ನ ತಂತಿಯ ಪ್ರಯೋಜನವನ್ನು ಒದಗಿಸುವಂತಾಗಬೇಕೆಂಬುದು ನನ್ನ ಹಂಬಲ. ಹೆದ್ದಾರಿಯ ಎರಡೂ ಬದಿಗೆ 25 ಕಿಲೋಮೀಟರಿಗೊಂದರಂತೆ ಕೇಂದ್ರವಿರಬೇಕೆಂದು 2018ರ ಡಿಸೆಂಬರಿನ ಮಾರ್ಗಸೂಚಿಯೇ ಹೇಳಿತ್ತು.

ಇನ್ನು ನಿಲುಗಡೆಯ ಮಾತು, ತೊಡಕಿರುವುದೆಲ್ಲ ಇಲ್ಲಿಯೇ. ಪೆಟ್ರೋಲನ್ನು ಐದು ನಿಮಿಷದಲ್ಲಿ ತುಂಬಿಸಿಕೊಂಡು ಹೊರಡಬಹುದು. ಮನೆಯ ಪ್ಲಗ್ಗಿನಿಂದ ಸ್ಕೂಟರಿನ ಬ್ಯಾಟರಿಯು ತುಂಬಲು ಹಲವು ಗಂಟೆಗಳೇ ಬೇಕು. ಅಷ್ಟು ಹೊತ್ತು ವಾಹನವು ಒಂದೆಡೆ ನಿಂತಿರಲೇಬೇಕಾದುದರಿಂದ, ಚಾರ್ಜರಿನ ಮುಂದಿನ ಜಾಗದಲ್ಲಿ ಸಂತೆಗೆ ಬಂದ ಬೇರೊಂದು ಗಾಡಿಯು ನಿಂತುಬಿಟ್ಟರೆ ಆ ಯಂತ್ರವು ಇದ್ದೂ ಇಲ್ಲದಂತೆ. ಕಟ್ಟಡಗಳ ಮಾದರಿ ಉಪವಿಧಿಗಳಿಗೆ 2019ರಲ್ಲಿ ಬಂದ ತಿದ್ದುಪಡಿಯು ವಾಹನ ನಿಲುಗಡೆಯ ಶೇ. 20ರಷ್ಟನ್ನು ವಿದ್ಯುದ್ವಾಹನಗಳಿಗೆ ಅಣಿಗೊಳಿಸಬೇಕೆನ್ನುತ್ತದೆ. ಆದರೆ ಅದು ರಾಜ್ಯಗಳು ಅಂಗೀಕರಿಸಿಕೊಳ್ಳಬೇಕಾದ ಮಾದರಿ, ಅದರ ದೃಷ್ಟಿಯೂ ಮುಂದೆ ಏಳುವ ಕಟ್ಟಡಗಳ ಮೇಲೆಯೇ. ಗೋಕಾಕದ ಹಳೆಯ ಪೇಟೆಯ ಓಣಿಗಳಿಗೆ ಅದರಿಂದ ದೊರೆಯುವ ನೆರವು ಅಲ್ಪ. ಅಂಥಲ್ಲಿ ಉಪಯುಕ್ತವಾದುದು 1988ರ ಮೋಟಾರು ವಾಹನ ಕಾಯಿದೆಯ 117ನೆಯ ಪ್ರಕರಣ: ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ, ವಾಹನಗಳು ನಿಲ್ಲುವ ಸ್ಥಳಗಳನ್ನು ಸರ್ಕಾರವು ಅಥವಾ ಅದರಿಂದ ಅಧಿಕಾರ ಪಡೆದವರು ಗೊತ್ತುಪಡಿಸಬಹುದು.

ನಗರಸಭೆ, ಪುರಸಭೆ, ಪಂಚಾಯಿತಿಗಳು ಈ ಸಮಾಲೋಚನೆಯನ್ನು ತಾವಾಗಿಯೇ ಕೇಳಿ ಪಡೆಯಬೇಕು. ಅಣೆಯನ್ನು ನೋಡಲು ಜನ ಬರುವ ಹಿಡಕಲ್ಲಿನಲ್ಲಿ, ವಿದ್ಯುತ್ ಕಂಬಕ್ಕೆ ಸಮೀಪದ ನೆರಳಿನಲ್ಲಿ ಎರಡು ಜಾಗಗಳನ್ನು ಬಣ್ಣ ಬಳಿದು ಮೀಸಲಿಟ್ಟರೆ ಮೊದಲಿಗೆ ಸಾಕು. ಗ್ರಾಮೀಣ ಪ್ರದೇಶದಲ್ಲಿ ಹೊಸ ಸಂಪರ್ಕವನ್ನು ಹದಿನೈದು ದಿನಗಳೊಳಗೆ ಕೊಡಬೇಕೆಂದು 2024ರಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮವು ಅವಧಿಯನ್ನೂ ಕಟ್ಟಿಕೊಟ್ಟಿದೆ.