ಅಪ್ಪ ಉಳಿಸಿಕೊಂಡ ಅರ್ಧ ಬೀಜ

ಕಳೆದ ವರ್ಷ ಜೂನ್ ಕೊನೆಯಲ್ಲಿ ಮೊಳಕಾಲ್ಮುರು ತಾಲ್ಲೂಕಿನ ನಮ್ಮೂರಿಗೆ ಹದ ಮಳೆ ಬಂತು. ಊರಿನವರೆಲ್ಲ ಶೇಂಗಾ ಬಿತ್ತನೆಗೆ ಇಳಿದರು. ನಮ್ಮದು ನಾಲ್ಕು ಎಕರೆ ಮಳೆಯಾಶ್ರಿತ ಹೊಲ. ಅಪ್ಪ ಎರಡೇ ಎಕರೆ ಬಿತ್ತಿ, ಉಳಿದ ಬೀಜದ ಚೀಲಗಳನ್ನು ಮನೆಯೊಳಗಿಟ್ಟರು. ‘ಹದ ಇದೆಯಲ್ಲ, ಪೂರ್ತಿ ಬಿತ್ತಿಬಿಡಪ್ಪ’ ಎಂದು ವಾದಿಸಿದೆ. ನನ್ನ ಕಾಲೇಜು ಶುಲ್ಕ ಬರಬೇಕಿದ್ದುದು ಅದೇ ಹೊಲದಿಂದ. ‘ಮಳೆ ನಮ್ಮ ಕೈಯಾಗಿಲ್ಲ, ಬೀಜ ಐತಲ್ಲ’ ಎಂದಷ್ಟೇ ಅಂದರು.

ಆಮೇಲೆ ಮಳೆ ನಾಪತ್ತೆ. ಬಿತ್ತಿದ್ದರಲ್ಲಿ ಹೆಚ್ಚಿನ ಪಾಲು ಒಣಗಿತು. ಜುಲೈ ಕೊನೆಗೆ ಮತ್ತೆ ಮಳೆ ಬಂದಾಗ, ತೊಗರಿಯ ಅಕ್ಕಡಿ ಸಾಲು ಹಾಕಿ ಉಳಿದ ಬೀಜ ಬಿತ್ತಿದರು. ಶುಲ್ಕಕ್ಕಾಗುವಷ್ಟು ಕೈಗೆ ಬಂತು.

ಅದೇ ಸೆಮಿಸ್ಟರ್‌ನಲ್ಲಿ ಮ್ಯಾನೇಜ್‌ಮೆಂಟ್ ಓದುವಾಗ ಅಪ್ಪ ನೆನಪಾದರು. ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲೇ ಹೇಳಿದ್ದರು: ಸಂಭವನೀಯತೆ ಲೆಕ್ಕ ಹಾಕಬಹುದಾದರೆ ಅದು ರಿಸ್ಕ್, ಲೆಕ್ಕಕ್ಕೇ ಸಿಗದಿದ್ದರೆ ಅನಿಶ್ಚಿತತೆ. ನೂರು ಚೀಲ ಶೇಂಗಾಕ್ಕೆ ಎಷ್ಟು ಎಣ್ಣೆ ಇಳಿಯಬಹುದೆಂದು ಚಳ್ಳಕೆರೆಯ ಮಿಲ್ ಮಾಲೀಕರು ಅನುಭವದಿಂದ ಅಂದಾಜಿಸಬಲ್ಲರು. ಆಮದು ತಾಳೆ ಎಣ್ಣೆಯ ಸುಂಕ ಮುಂದಿನ ವರ್ಷ ಎಷ್ಟಿರುತ್ತದೆಂದು ಹೇಳಲಾರರು.

ಹಾಗಾದರೆ ತೀರ್ಮಾನ ಕೈಗೊಳ್ಳುವುದು ಹೇಗೆ? ಉತ್ತರ ಚಳ್ಳಕೆರೆ ಸಮೀಪದ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲೂ ಸಿಗುತ್ತದೆ. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆ ವಾಹನವನ್ನು ಹೆಲಿಕಾಪ್ಟರ್‌ನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟಿತು, ಅದು ತಾನಾಗಿಯೇ ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್‌ನಲ್ಲಿ ರನ್‌ವೇ ನೇರದಿಂದ 150 ಮೀಟರ್ ಪಕ್ಕಕ್ಕೆ, ಜೂನ್‌ನಲ್ಲಿ 500 ಮೀಟರ್ ಪಕ್ಕಕ್ಕೆ ಬಿಟ್ಟು ಪರೀಕ್ಷಿಸಿದರು. ಕಷ್ಟವನ್ನು ಒಮ್ಮೆಲೇ ಮೈಮೇಲೆ ಎಳೆದುಕೊಳ್ಳದೆ, ಪ್ರತಿ ಹಂತದಲ್ಲಿ ಕಲಿತು ಮುಂದಿನದಕ್ಕೆ ಹೋದರು.

ಮಳೆ ಬಿಡದೆ ಬಂದಿದ್ದರೆ ಅಪ್ಪನಿಗೆ ನಷ್ಟವೇ ಆಗುತ್ತಿತ್ತು, ನಾನೂ ಆಡಿಕೊಳ್ಳುತ್ತಿದ್ದೆ. ಆದರೂ ಅವರ ತೀರ್ಮಾನ ತಪ್ಪಾಗುತ್ತಿರಲಿಲ್ಲ. ಫಲಿತಾಂಶ ನೋಡಿ ತೀರ್ಮಾನ ಅಳೆಯುವುದು ನಮ್ಮ ದೊಡ್ಡ ತಪ್ಪು. ‘ಇದು ಕೆಟ್ಟರೆ ಮತ್ತೊಮ್ಮೆ ಪ್ರಯತ್ನಿಸಲು ನನ್ನ ಬಳಿ ಏನು ಉಳಿದಿರುತ್ತದೆ?’ ಎಂಬುದೇ ಕೇಳಬೇಕಾದ ಪ್ರಶ್ನೆ.

ಗೇಟ್ ಪರೀಕ್ಷೆಯೋ, ಕ್ಯಾಂಪಸ್ ಕೆಲಸವೋ ಎಂಬ ಗೊಂದಲ ಈಗ ನನ್ನದು. ಎರಡಕ್ಕೂ ಓದುತ್ತಿದ್ದೇನೆ. ‘ಯಾಕಪ್ಪ, ಒಂದನ್ನೇ ಹಿಡಿಯಬಾರದಾ?’ ಎಂದು ಗೆಳೆಯರು ಕೇಳುತ್ತಾರೆ. ಬೀಜದ ಚೀಲದ ಕತೆ ಹೇಳುತ್ತೇನೆ.