ಹಳೆಯ ಕದಕ್ಕೆ ಹೊಸ ಅಗಳಿ

ಅಮರಕೋಶವನ್ನು ಬಾಲ್ಯದಲ್ಲಿ ಕಂಠಪಾಠ ಮಾಡಿದವರಿಗೆ ನೆನಪಿರಬಹುದು: ಅಮರಸಿಂಹನು ಪುರವರ್ಗದಲ್ಲಿ ಕದವನ್ನು ಹೇಳಿದೊಡನೆಯೇ ಅರ್ಗಲವನ್ನು ಹೇಳುತ್ತಾನೆ. ಅರ್ಗಲವೆಂದರೆ ಕದವನ್ನು ತಡೆದು ನಿಲ್ಲಿಸುವ ಅಡ್ಡಮರ; ನಮ್ಮ ಅಗಳಿ. ಅಗಳಿಯಿಲ್ಲದ ಕದವು ಬರಿಯ ಹಲಗೆಯೇ ಎಂಬುದು ಆ ಕೋಶಕಾರನ ಮನಸ್ಸಿನಲ್ಲಿಯೂ ಇದ್ದಿರಬೇಕು. ಇನ್ನು ಕೀಲವೆಂಬ ಶಬ್ದಕ್ಕೆ ಗೂಟ, ಮೊಳೆ ಎಂದು ಅರ್ಥ. ಮೈಸೂರು ಸೀಮೆಯವರು ಬೀಗವೆನ್ನುವುದನ್ನು ನಮ್ಮ ಕಡೆಯಲ್ಲಿ ಕೀಲಿಯೆನ್ನುವರಷ್ಟೆ. ದೇವೀಮಾಹಾತ್ಮ್ಯದ ಪಾರಾಯಣಕ್ಕೆ ಮೊದಲು ಕವಚ, ಅರ್ಗಲಾ, ಕೀಲಕಗಳನ್ನು ಪಠಿಸುವ ಮನೆಗಳಲ್ಲಿ ಈ ಶಬ್ದಗಳು ಹೊಸವಲ್ಲ. ಹಳೆಯ ಮನೆಗೆ ಹೊಸ ಕೀಲಿಯನ್ನು ಹಾಕಿಸುವ ಗೃಹಸ್ಥನು ತಿಳಿಯತಕ್ಕದ್ದು ಬಹುಮಟ್ಟಿಗೆ ಅಗಳಿ, ಕೀಲ ಎಂಬ ಈ ಎರಡು ಶಬ್ದಗಳಲ್ಲಿಯೇ ಅಡಗಿದೆಯೆಂಬುದನ್ನು ನಾವು ಸ್ವಲ್ಪ ಹಣವನ್ನೂ ಒಂದು ರಾತ್ರಿಯ ನಿದ್ರೆಯನ್ನೂ ಕಳೆದುಕೊಂಡು ಕಲಿತೆವು. ಅದನ್ನು ವಾಚಕರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಯಡ್ರಾಮಿಯು ಬಹುಕಾಲ ಜೇವರ್ಗಿ ತಾಲ್ಲೂಕಿನ ಒಂದು ಊರಾಗಿದ್ದು, 2018ರಲ್ಲಿ ತಾನೇ ತಾಲ್ಲೂಕಿನ ಕೇಂದ್ರವಾಯಿತು. ಕಚೇರಿಗಳು ಬಂದವು; ಪರಊರಿನವರ ಓಡಾಟ ಹೆಚ್ಚಿತು. ಆದರೂ ಒಳಗಿನ ಓಣಿಗಳಲ್ಲಿ ಹಳೆಯ ಮನೆಗಳು ಇನ್ನೂ ನಿಂತಿವೆ. ಕಲ್ಲುಮಣ್ಣಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ತಲೆತಗ್ಗಿಸಿ ಹೊಗಬೇಕಾದ ಬಾಗಿಲು, ಅದಕ್ಕೆ ಜೋಡಿ ಕದ. ಇಂತಹ ಎಷ್ಟೋ ಕದಗಳಿಗೆ ಕಬ್ಬಿಣದ ತಿರುಗಣೆಯಿಲ್ಲ. ಮರದ ತುದಿಯೇ ಹೊಸ್ತಿಲಿನ ಗುಳಿಯಲ್ಲಿ ಕುಳಿತು ತಿರುಗುವುದು. ಕದದ ಹಿಂದೆ, ಗೋಡೆಯ ರಂಧ್ರದಿಂದ ಅಗಳಿಯನ್ನು ಎಳೆದು ಎದುರು ಗೋಡೆಯ ರಂಧ್ರಕ್ಕೆ ಸೇರಿಸಿದರೆ ನಾಲ್ಕು ಆಳುಗಳು ನೂಕಿದರೂ ಕದ ಅಲುಗದು. ಆದರೆ ಈ ಅಗಳಿಗೆ ಒಂದು ಕೊರತೆಯುಂಟು: ಅದನ್ನು ಹಾಕುವುದಕ್ಕೆ ಮನೆಯೊಳಗೆ ಒಬ್ಬರಿರಬೇಕು. ಹಿಂದೆ ಮನೆಯೆಂಬುದು ಬರಿದಾಗುತ್ತಲೇ ಇರಲಿಲ್ಲ. ಎಲ್ಲರೂ ಹೊಲಕ್ಕೆ ಹೋದರೂ ಕಟ್ಟೆಯ ಮೇಲೆ ಒಂದು ಮುದಿಜೀವ ಕುಳಿತೇ ಇರುತ್ತಿತ್ತು. ಈಗ ಮಕ್ಕಳು ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ನೆಲೆಸಿದ್ದಾರೆ. ಮನೆಗಳು ತಿಂಗಳುಗಟ್ಟಲೆ ಮುಚ್ಚಿರುತ್ತವೆ. ಆಗ ಅಗಳಿಯು ನಿರುಪಯೋಗಿ. ಹೊರಗಿನ ಸರಪಳಿಯೂ ಕೊಂಡಿಯೂ ಅದಕ್ಕೆ ತೂಗುವ ಕೀಲಿಯೂ ಮನೆಯನ್ನು ಕಾಯಬೇಕು.

ಕೆಲವು ವರ್ಷಗಳ ಕೆಳಗೆ ನಮ್ಮ ನೆರೆಮನೆಯವರು ದತ್ತಾತ್ರೇಯನ ದರ್ಶನಕ್ಕೆಂದು ಗಾಣಗಾಪುರಕ್ಕೆ ಹೋಗಿದ್ದಾಗ ಅವರ ಮನೆಯಲ್ಲಿ ಕಳವಾಯಿತು. ಬೆಳಗಿನಲ್ಲಿ ನೋಡಿದರೆ, ಅರ್ಧ ಸೇರು ತೂಗುವ ಕೀಲಿಯು ಕಿಂಚಿತ್ತೂ ಗಾಯವಿಲ್ಲದೆ ಕಟ್ಟೆಯ ಮೇಲೆ ಬಿದ್ದಿತ್ತು. ಕಳ್ಳನು ಅದನ್ನು ಮುಟ್ಟಿರಲೇ ಇಲ್ಲ. ಚೌಕಟ್ಟಿಗೆ ಬಡಿದಿದ್ದ ಕೊಂಡಿಯನ್ನೇ ಕಿತ್ತಿದ್ದನು. ನೋಡಲು ಬಂದ ಮುದುಕ ಬಡಿಗನು ಬೆರಳಿನಿಂದ ಆ ಕಟ್ಟಿಗೆಯನ್ನು ಒತ್ತಿದರೆ ಹಿಟ್ಟು ಉದುರಿತು. "ಕೀಲಿ ಏನ್ ತಪ್ಪ ಮಾಡ್ಯದರೀ ಮಾಸ್ತರ್ರೇ? ಅದನ್ನ ಹಿಡಿಯೋ ಕಟ್ಟಗೀನೇ ಸತ್ತದ" ಎಂದನು. ಶಾಸ್ತ್ರಗ್ರಂಥದಲ್ಲಿಯೂ ಇದಕ್ಕಿಂತ ಸ್ಪಷ್ಟವಾದ ಸೂತ್ರವು ದೊರೆಯದು. ಆದುದರಿಂದ ಕೀಲಿಯ ಅಂಗಡಿಗೆ ಹೋಗುವ ಮೊದಲು ಗೃಹಸ್ಥನು ಚೌಕಟ್ಟನ್ನು ಪರೀಕ್ಷಿಸತಕ್ಕದ್ದು. ಹುಳು ತಿಂದ ಭಾಗವನ್ನು ಕೊಯ್ದು ತೆಗೆದು, ಒಣಗಿದ ಗಟ್ಟಿ ಮರವನ್ನು ಕೂಡಿಸಿದ ಮೇಲೆಯೇ ಕೀಲಿಯ ಮಾತು.

ಈಗ ಕೀಲಿಯ ಒಳಗನ್ನು ನೋಡೋಣ. ಅಂಗಡಿಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳುಂಟು. ಮೊದಲನೆಯದು ಲಿವರಿನ ಕೀಲಿ. ಇದರಲ್ಲಿ ಹಿತ್ತಾಳೆಯ ಅಥವಾ ಉಕ್ಕಿನ ಚಪ್ಪಟೆ ತಗಡುಗಳಿರುತ್ತವೆ. ಒಂದೊಂದನ್ನೂ ಸರಿಯಾದ ಎತ್ತರಕ್ಕೆ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಎತ್ತಿದರೆ ಮಾತ್ರ ಅಗಳಿ ಸರಿಯುವುದು. 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಎಂಬವನು ಈ ತತ್ತ್ವವನ್ನು ಸಾಧಿಸಿದನು. ಎರಡನೆಯದು ಪಿನ್ನಿನ ಕೀಲಿ. ಸಣ್ಣ ಕೊಳವೆಯೊಳಗೆ ಐದಾರು ಜೊತೆ ಪುಟ್ಟ ಕೀಲಗಳು ನಿಂತಿರುತ್ತವೆ. ಕೀಲಿಕೈಯ ಹಲ್ಲುಗಳು ಅವೆಲ್ಲವನ್ನೂ ಒಂದೇ ಗೆರೆಗೆ ತಂದಾಗ ಕೊಳವೆಯು ತಿರುಗುವುದು. ಪ್ರಾಚೀನ ಈಜಿಪ್ಟಿನವರು ಮರದ ಕೀಲಗಳಿಂದ ಮಾಡಿದ ಉಪಾಯವನ್ನೇ ಅಮೇರಿಕೆಯ ಕಿರಿಯ ಲೈನಸ್ ಯೇಲ್ ಎಂಬವನು 1860ರ ದಶಕದಲ್ಲಿ ಲೋಹದಲ್ಲಿ ಸಣ್ಣದಾಗಿ ಮಾಡಿ ಹಕ್ಕು ಪಡೆದನು. ಕೀಲಗಳಿಂದಲೇ ನಡೆಯುವ ಈ ಯಂತ್ರಕ್ಕೆ ನಮ್ಮ ಜನ ಕೀಲಿಯೆಂದು ಹೆಸರಿಟ್ಟುದು ಎಷ್ಟು ಒಪ್ಪುವುದೆಂಬುದನ್ನು ವಾಚಕರೇ ನೋಡಬಹುದು. ನಮ್ಮ ದೇಶದಲ್ಲಿ ಆರ್ದೇಶಿರ್ ಗೋದ್ರೆಜ್ ಅವರು 1897ರಲ್ಲಿ ಮುಂಬಯಿಯಲ್ಲಿ ಕೀಲಿಯ ಉದ್ಯಮವನ್ನು ಆರಂಭಿಸಿದರು. ಉತ್ತರದ ಅಲೀಗಢವೂ ತಮಿಳುನಾಡಿನ ದಿಂಡಿಗಲ್ಲೂ ಈ ಕಸುಬಿಗೆ ಹೆಸರಾಂತ ಊರುಗಳು.

ಆದರೆ ಕೀಲಿಯು ಯಾವ ಜಾತಿಯದೆಂಬುದಕ್ಕಿಂತ ಅದು ಹೊರಡಿಸುವ ನಾಲಗೆಯು ಎಂತಹುದೆಂಬುದು ಮುಖ್ಯ. ಒಂದು ಬಗೆಯ ನಾಲಗೆಗೆ ಹಿಂದೆ ಸ್ಪ್ರಿಂಗ್ ಇರುವುದು, ಮುಖವು ಓರೆಯಾಗಿರುವುದು. ಕದವನ್ನು ಎಳೆದರೆ ತಾನೇ ಸಿಕ್ಕಿಕೊಳ್ಳುವುದು. ಇದು ಅನುಕೂಲವೇನೋ ಹೌದು. ಆದರೆ ಸಂದಿಯಲ್ಲಿ ತೆಳುವಾದ ತಗಡನ್ನು ತೂರಿಸಿ ಅದನ್ನು ಹಿಂದಕ್ಕೆ ತಳ್ಳಬಹುದು. ಇನ್ನೊಂದು ಬಗೆಗೆ ಸ್ಪ್ರಿಂಗ್ ಇಲ್ಲ, ಮುಖವು ಚೌಕ, ಕೀಲಿಕೈಯಿಂದಲೋ ಒಳಗಿನ ತಿರುಗುಗುಂಡಿಯಿಂದಲೋ ತಿರುಗಿಸಿದಲ್ಲದೆ ಅದು ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಇದನ್ನೇ ಡೆಡ್‌ಬೋಲ್ಟ್ ಎನ್ನುವರು. ಹೆಸರು ಪರಕೀಯವಾದರೂ ವಸ್ತು ನಮಗೆ ಪರಿಚಿತವೇ: ಹೊರಗಿನಿಂದಲೂ ಸರಿಸಬಲ್ಲ ಅಗಳಿ, ಅಷ್ಟೆ. ಹಳೆಯ ಮನೆಯ ಕೊರತೆಯನ್ನು ತುಂಬತಕ್ಕದ್ದು ಇದೇ.

ಜೋಡಿ ಕದಕ್ಕೆ ಇದನ್ನು ಕೂಡಿಸುವಲ್ಲಿ ಕ್ರಮ ತಪ್ಪಬಾರದು. ಮೊದಲು, ಕೀಲಿಯಿಲ್ಲದ ಕದವನ್ನು ಒಳಗಿನಿಂದ ಮೇಲೊಂದು ಕೆಳಗೊಂದು ಚಿಲಕ ಹಾಕಿ, ಅವು ಮೇಲಿನ ಪಟ್ಟಿಗೂ ಹೊಸ್ತಿಲಿಗೂ ಆಳವಾಗಿ ಇಳಿಯುವಂತೆ ಮಾಡಬೇಕು. ತಾನೇ ಅಲುಗಾಡುವ ಕದವನ್ನು ಹಿಡಿದುಕೊಂಡ ಅಗಳಿಯು ಏನನ್ನು ತಡೆದೀತು? ಎರಡನೆಯದಾಗಿ, ಗುಳಿಯಲ್ಲಿ ತಿರುಗುವ ಕದವನ್ನು ಮೇಲಕ್ಕೆತ್ತಿದರೆ ಕಳಚುವುದೋ ನೋಡಿ, ಕಳಚುವುದಾದರೆ ಮೇಲಿನ ಸಂದಿಗೆ ಒಳಗಿನಿಂದ ಒಂದು ಮರದ ತುಂಡನ್ನು ಬಡಿಸಬೇಕು. ಮೂರನೆಯದಾಗಿ, ಅಗಳಿಯು ಎದುರು ಕದದೊಳಕ್ಕೆ ಒಂದು ಅಂಗುಲವಾದರೂ ಹೊಗಬೇಕು. ಅದು ಹೊಗುವ ರಂಧ್ರಕ್ಕೆ ಉಕ್ಕಿನ ತಗಡನ್ನು ಹಾಕಿ, ಮರದ ದಪ್ಪವು ತಡೆಯುವಷ್ಟು ಉದ್ದವಾದ ತಿರುಪು ಮೊಳೆಗಳಿಂದ ಬಿಗಿಸಬೇಕು. ಅಂಗಡಿಯವನು ಕೊಡುವ ಗಿಡ್ಡ ಮೊಳೆಗಳು ಸಾಲವು. ಹಲಗೆಯು ತೆಳುವಾಗಿದ್ದರೆ ಅದನ್ನು ಕೊರೆದು ಕೀಲಿಯನ್ನು ಒಳಗೆ ಹುದುಗಿಸಬಾರದು. ಕದದ ಒಳಮೈಯ ಮೇಲೆ ಕೂಡಿಸುವ ಜಾತಿಯನ್ನೇ ಕೊಳ್ಳಬೇಕು. ನಮ್ಮ ಸೀಮೆಯಲ್ಲಿ ಬೇಸಗೆಗೆ ಮರವು ಕುಗ್ಗುವುದು, ಮಳೆಗಾಲಕ್ಕೆ ಹಿಗ್ಗುವುದು. ಆದುದರಿಂದ ರಂಧ್ರದಲ್ಲಿ ಕೂದಲೆಳೆಯಷ್ಟು ಸಡಿಲವಿರಲಿ.

ಇಷ್ಟೆಲ್ಲವನ್ನೂ ನಾವು ಮಾಡಿಸಿದೆವು; ಒಂದರಲ್ಲಿ ಮಾತ್ರ ತಪ್ಪಿದೆವು. ನೆರೆಮನೆಯ ಕಳವಿನ ಸುದ್ದಿಯನ್ನು ಕೇಳಿದ ನಮ್ಮ ಮಗನು ಗಾಬರಿಯಿಂದ ಒಂದು ಬಲವಾದ ಕೀಲಿಯನ್ನು ಕೊಂಡು ತಂದಿದ್ದನು. ಹೊರಗಿನಿಂದಲೂ ಒಳಗಿನಿಂದಲೂ ಕೀಲಿಕೈಯಿಂದಲೇ ತೆರೆಯತಕ್ಕ ಬಗೆ ಅದು. ಎಷ್ಟು ಹೆಚ್ಚು ಕೀಲಿಯೋ ಅಷ್ಟು ಹೆಚ್ಚು ಭದ್ರತೆಯೆಂದು ನಾವೂ ಸಂತೋಷಪಟ್ಟೆವು. ಒಂದು ರಾತ್ರಿ ಅಡಿಗೆಮನೆಯ ವಿದ್ಯುತ್ ತಂತಿಯು ಸುಟ್ಟು, ದೀಪಗಳೆಲ್ಲ ಆರಿ, ಪಡಸಾಲೆಯ ತುಂಬ ಹೊಗೆ ಸುತ್ತಿತು. ಎಂಬತ್ತು ದಾಟಿದ ನಮ್ಮ ಅಕ್ಕನವರು ಕದದ ಬಳಿಗೆ ಮೊದಲು ತಲಪಿ, ಕತ್ತಲೆಯಲ್ಲಿ ಕೈಯಾಡಿಸುತ್ತ ಕೆಮ್ಮುತ್ತಿದ್ದರು. ಕೀಲಿಕೈ ಗೂಟದಲ್ಲಿ ಇರಲಿಲ್ಲ. ಅದು ನಮ್ಮ ಅಂಗಿಯ ಜೇಬಿನಲ್ಲಿತ್ತು, ಅಂಗಿಯು ಹೊಗೆಯ ಆಚೆಯ ಕೋಣೆಯಲ್ಲಿತ್ತು. ತೆವಳಿಕೊಂಡು ಹೋಗಿ ತಂದು ಕದ ತೆರೆಯುವಷ್ಟರಲ್ಲಿ ಎಷ್ಟು ಹೊತ್ತಾಯಿತೋ ತಿಳಿಯದು. ದೈವಕೃಪೆಯಿಂದ ಯಾರಿಗೂ ಅಪಾಯವಾಗಲಿಲ್ಲ. ಕಟ್ಟೆಯ ಮೇಲೆ ಕುಳಿತು ಉಸಿರು ಸುಧಾರಿಸಿಕೊಂಡ ಬಳಿಕ ಅಕ್ಕನವರು, "ತಮ್ಮಾ, ಕಳ್ಳಗ ಹಾಕಿದ ಕೀಲಿ ನಮಗೇ ಬಿತ್ತಲ್ಲೋ" ಎಂದರು. ನಾವು ಉತ್ತರ ಹೇಳಲಾರದೆ ತಲೆತಗ್ಗಿಸಿದೆವು.

ಮರುದಿನವೇ ಬಡಿಗನನ್ನು ಕರೆಯಿಸಿ, ಒಳಮೈಯಲ್ಲಿ ಕೀಲಿಕೈಯ ಬದಲು ತಿರುಗುಗುಂಡಿಯಿರುವ ಅಗಳಿಯನ್ನು ಹಾಕಿಸಿದೆವು. ಅಕ್ಕನವರು ಕಣ್ಣು ಮುಚ್ಚಿಕೊಂಡು ಅದನ್ನು ತಿರುಗಿಸಬಲ್ಲರೋ ಎಂದು ಪರೀಕ್ಷಿಸಿದ ಮೇಲೆಯೇ ಬಡಿಗನಿಗೆ ಕೂಲಿಯನ್ನು ಕೊಟ್ಟೆವು. ವಾಚಕರು ಈ ಒಂದು ನಿಯಮವನ್ನಾದರೂ ಮರೆಯದಿರಲಿ: ಮನೆಯೊಳಗೆ ಜನರಿರುವಾಗ ಹೊರಬಾಗಿಲು ಕೀಲಿಕೈಯಿಲ್ಲದೆ, ದೀಪವಿಲ್ಲದೆ, ಮಕ್ಕಳಿಗೂ ಮುದುಕರಿಗೂ ಒಂದೇ ಕೈಯಿಂದ ತೆರೆಯುವಂತಿರಬೇಕು.

ಉಳಿದವು ಸಣ್ಣ ಮಾತುಗಳು. ಕೀಲಿಕೈ ಕಳೆದರೆ, ಇಲ್ಲವೆ ಬಾಡಿಗೆದಾರರು ಬಿಟ್ಟುಹೋದರೆ, ಇಡೀ ಕೀಲಿಯನ್ನು ಎಸೆಯಬೇಕಾದುದಿಲ್ಲ. ಪಿನ್ನಿನ ಕೀಲಿಯಾದರೆ ಒಳಗಿನ ಕೊಳವೆಯನ್ನು ಮಾತ್ರ ಬದಲಿಸಬಹುದು. ಒಂದು ಕೀಲಿಕೈಯನ್ನು ನಂಬಿಕೆಯ ನೆರೆಯವರಲ್ಲಿ ಇಟ್ಟಿರಬೇಕು. ಹೊಸ್ತಿಲ ಬಳಿಯ ಕಲ್ಲಿನ ಕೆಳಗೆ ಇಡಬಾರದು, ಆ ಕಲ್ಲನ್ನು ಕಳ್ಳನೂ ಬಲ್ಲನು. ಕೀಲಿಯು ಬಿಗಿಯಾದರೆ ಅಡಿಗೆಯ ಎಣ್ಣೆಯನ್ನು ಹಾಕದಿರಿ. ಅದು ನಮ್ಮ ಊರಿನ ಧೂಳನ್ನು ಹಿಡಿದು ಅಂಟಾಗುವುದು. ಪೆನ್ಸಿಲಿನ ಕರಿಯ ಪುಡಿಯನ್ನು ಕೀಲಿಕೈಗೆ ಸವರಿ ನಾಲ್ಕು ಬಾರಿ ತಿರುಗಿಸಿದರೆ ಸಾಕು.

ಹಳೆಯ ಕದವನ್ನು ನಾವು ತೆಗೆಸಲಿಲ್ಲ. ಗೋಡೆಯ ರಂಧ್ರದಲ್ಲಿ ಅಜ್ಜನ ಕಾಲದ ಅಗಳಿಯೂ ಹಾಗೆಯೇ ಇದೆ. ರಾತ್ರಿ ಹೊಸ ಗುಂಡಿಯನ್ನು ತಿರುಗಿಸಿದ ಮೇಲೆ ಅಕ್ಕನವರು ಅದನ್ನೂ ಒಮ್ಮೆ ಎಳೆದು ಸೇರಿಸುವರು. ಅದಕ್ಕೆ ಕೀಲಿಕೈ ಬೇಡವಷ್ಟೆ, ನಾವೂ ಬೇಡವೆನ್ನುವುದಿಲ್ಲ.