ಹೆಸರಿನಲ್ಲಿ ಉಳಿದ ಊರು: ಶಾಂತಾ ಹುಬ್ಳೀಕರ್

ಗ್ರೇಟಾ ಗಾರ್ಬೊ ಎಂಬ ಹೆಸರನ್ನು ಕೇಳದ ಚಿತ್ರರಸಿಕರು ವಿರಳ. ಸ್ಟಾಕ್‌ಹೋಮ್ ನಗರದ ಬಡ ಮನೆಯೊಂದರಿಂದ ಬಂದು ಹಾಲಿವುಡ್ಡಿನ ತೆರೆಯನ್ನು ಆಳಿದ ಆಕೆ 1941ರಲ್ಲಿ, ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ, ಮುಖದ ಬಣ್ಣ ಒರೆಸಿಕೊಂಡು ಹೊರಟವರು ಮತ್ತೆಂದೂ ಯಾವ ಚಿತ್ರದಲ್ಲಿಯೂ ನಟಿಸಲಿಲ್ಲ. 1990ರಲ್ಲಿ ತೀರಿಕೊಳ್ಳುವವರೆಗೆ ನ್ಯೂಯಾರ್ಕಿನಲ್ಲಿ ಏಕಾಂತವಾಗಿ ಬದುಕಿದರು. ಆ ಏಕಾಂತದ ಸುತ್ತ ಹುಟ್ಟಿದ ಕಥೆಗಳಿಗೂ ಬರೆದ ಪುಸ್ತಕಗಳಿಗೂ ಲೆಕ್ಕವಿಲ್ಲ.

ಗಾರ್ಬೊ ಮೆರೆದ ಅದೇ ದಶಕದಲ್ಲಿ ಮೆರೆದು, ಆಕೆಯಂತೆಯೇ ನಡುಹರೆಯದಲ್ಲಿ ತೆರೆಯಿಂದ ಸರಿದು, ಆಕೆಗಿಂತ ಎರಡೇ ವರ್ಷ ತಡವಾಗಿ, 1992ರಲ್ಲಿ, ಕಣ್ಣುಮುಚ್ಚಿದ ಇನ್ನೊಬ್ಬ ನಟಿಯ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಗದಗಿನಿಂದ ರೈಲು ಹತ್ತಿ ಹುಬ್ಬಳ್ಳಿಯಲ್ಲಿ ಇಳಿದವನಿಗೆ ಅದರಗುಂಚಿ ದೂರದ ಊರಲ್ಲ. ಆ ಊರಿನಲ್ಲಿ 1914ರಲ್ಲಿ ಹುಟ್ಟಿದ ರಾಜಮ್ಮ ಎಂಬ ಹುಡುಗಿಯೇ ಮುಂದೆ ಶಾಂತಾ ಹುಬ್ಳೀಕರ್ ಆದರು. ಗಾರ್ಬೊ ಎಲ್ಲಿ, ಅದರಗುಂಚಿಯ ರಾಜಮ್ಮ ಎಲ್ಲಿ ಎಂದು ಕೇಳುಗರು ನಕ್ಕಾರು. ನಗಲಿ, ಹೋಲಿಕೆಯನ್ನು ನಾನು ಕೊನೆಯಲ್ಲಿ ಮತ್ತೆ ಎತ್ತಿಕೊಳ್ಳುತ್ತೇನೆ.

ಮೊದಲು ಆ ಹೆಸರನ್ನೇ ನೋಡೋಣ. ನಮ್ಮ ಸೀಮೆಯಲ್ಲಿ ಮನುಷ್ಯನನ್ನು ಊರಿನಿಂದ ಗುರುತಿಸುವುದು ಹಳೆಯ ರೂಢಿ. ಗಂಗೂಬಾಯಿಯವರು ಹಾನಗಲ್ಲಿನವರಾದರು, ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಇವೆಲ್ಲ ಊರುಗಳಾಗಿರುವಂತೆಯೇ ಅಡ್ಡಹೆಸರುಗಳೂ ಆಗಿವೆ. ಕಲೆಯನ್ನು ನಂಬಿ ಹೊರಟ ಹೆಣ್ಣಿಗಂತೂ ಈ ರೂಢಿ ಒಂದು ಆಸರೆಯಾಗಿತ್ತು. ಮನೆತನದ ಹೆಸರನ್ನು ರಂಗದ ಮೇಲೆ ತರಲು ಮನೆಯವರು ಒಪ್ಪಲಿ ಬಿಡಲಿ, ಊರಿನ ಹೆಸರನ್ನು ಯಾರೂ ಕಸಿದುಕೊಳ್ಳುವಂತಿರಲಿಲ್ಲ. ಬೀಳಗಿಯ ಅಮೀರಬಾಯಿಯವರು ಒಂದು ಹೆಜ್ಜೆ ಮುಂದೆ ಹೋಗಿ ನಾಡನ್ನೇ ಹೆಸರಿಗೆ ಕಟ್ಟಿಕೊಂಡು 'ಕರ್ನಾಟಕಿ' ಆದರು. ಆದರೆ ರಾಜಮ್ಮನ ಹೊಸ ಹೆಸರಿನಲ್ಲಿ ಇನ್ನೊಂದು ಸಂಗತಿಯಿದೆ. ಕನ್ನಡದಲ್ಲಾಗಿದ್ದರೆ 'ಶಾಂತಾ ಹುಬ್ಬಳ್ಳಿ' ಎಂದಷ್ಟೇ ಸಾಕಿತ್ತು. ಬಾಲಕ್ಕೆ ಹತ್ತಿದ ಆ 'ಕರ್' ಮರಾಠಿಯದು. ಊರು ನಮ್ಮದು, ಪ್ರತ್ಯಯ ಅವರದು. ಆಕೆಯ ಬಾಳಿನ ಹಾದಿಯನ್ನೆಲ್ಲ ಆ ಎರಡಕ್ಷರ ಹೇಳಿಬಿಡುತ್ತದೆ.

ಈ ಹಾದಿ ಒಬ್ಬರೇ ತುಳಿದದ್ದಲ್ಲ. ಸ್ವಾತಂತ್ರ್ಯ ಬರುವವರೆಗೆ ಗದಗು, ಮುಂಡರಗಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಕಚೇರಿಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು. ನಾಟಕ ಮಾತ್ರ ಎರಡೂ ಕಡೆ ಓಡಾಡುತ್ತಿತ್ತು. ಕರಾವಳಿಯ ಕರ್ಕಿಯ ಭಾಗವತರ ಆಟವನ್ನು ಕಂಡ ಪ್ರೇರಣೆಯಿಂದಲೇ ವಿಷ್ಣುದಾಸ ಭಾವೆಯವರು 1843ರಲ್ಲಿ ಸಾಂಗಲಿಯ ಅರಮನೆಯಲ್ಲಿ ಮೊದಲ ಮರಾಠಿ ನಾಟಕವನ್ನು ಆಡಿಸಿದರು. ಆ ನಾಟಕ ಬೆಳೆದು, ಮರಾಠಿ ಕಂಪನಿಗಳಾಗಿ, ನಮ್ಮೂರುಗಳಿಗೇ ಮರಳಿ ಬಂದಾಗ ಕನ್ನಡದವರು ಬೆರಗಾಗಿ ಕುಳಿತುಬಿಟ್ಟರು. ಹಾಗೆ ಕುಳಿತುಕೊಳ್ಳಲಾರದೆ ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ಕನ್ನಡ ನಾಟಕ ಬರೆದು ಆಡಿಸಿದವರು ಶಾಂತಕವಿಗಳು. ಅಲ್ಲಿಂದ ಮುಂದೆ ಈ ಭಾಗ ನಾಟಕ ಕಂಪನಿಗಳ ತವರಾಯಿತು. ಶಿರಹಟ್ಟಿಯ ವೆಂಕೋಬರಾಯರದೊಂದು ಕಂಪನಿ, ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೊಂದು. ಗಂಡಸರೇ ಸೀರೆಯುಟ್ಟು ಪಾತ್ರ ಮಾಡುತ್ತಿದ್ದ ಕಾಲದಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿಯವರು ಹೆಂಗಸರದೇ ಮಂಡಳಿ ಕಟ್ಟಿ ನಡೆಸಿದರೆಂಬುದನ್ನು ನಾವು ಮರೆಯಬಾರದು.

ಇಂಥ ಕಂಪನಿ ನಾಟಕದ ರಂಗದ ಮೇಲೆ ಹಾಡಿ, ಮಾತಾಡಿ, ಮೈಚಳಿ ಬಿಟ್ಟವರು ರಾಜಮ್ಮ. ಆಗ ಸಿನಿಮಾ ಮಾತು ಕಲಿತಿತ್ತು, ಮಾತಿಗಿಂತ ಹೆಚ್ಚಾಗಿ ಹಾಡು ಕಲಿತಿತ್ತು. ಬೋಲಪಟ ತಯಾರಿಸುವವರಿಗೆ ಹಾಡಬಲ್ಲ ಹೆಣ್ಣುಮಕ್ಕಳು ಬೇಕಾಗಿದ್ದರು. ಕನ್ನಡದಲ್ಲಿ ಆಗ ಸ್ಟುಡಿಯೋ ಎಂಬುದೇ ಇರಲಿಲ್ಲ. ನಮ್ಮ ಮೊದಲ ವಾಕ್ಚಿತ್ರವಾದ 1934ರ 'ಸತಿ ಸುಲೋಚನಾ' ಕೂಡ ಕೊಲ್ಹಾಪುರಕ್ಕೆ ಹೋಗಿಯೇ ಚಿತ್ರಿತವಾಗಬೇಕಾಯಿತು. ಚಿತ್ರವೇ ಅಲ್ಲಿಗೆ ಹೋದಮೇಲೆ ನಟಿ ಹೋಗದಿರುತ್ತಾಳೆಯೆ? ಭಾಲ್ಜಿ ಪೆಂಢಾರಕರರ ಕೈಯಲ್ಲಿ ಪಳಗಿ, 1937ರಲ್ಲಿ 'ಕಾನ್ಹೋಪಾತ್ರಾ' ಚಿತ್ರದಲ್ಲಿ ನಟಿಸಿ, ಶಾಂತಾಬಾಯಿಯವರು ಪುಣೆಯ ಪ್ರಭಾತ್ ಕಂಪನಿಯ ಬಾಗಿಲಿಗೆ ಬಂದರು. 1929ರಲ್ಲಿ ಕೊಲ್ಹಾಪುರದಲ್ಲಿ ಆರಂಭವಾಗಿ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಅಂದಿನ ಭಾರತದ ಶ್ರೇಷ್ಠ ಚಿತ್ರಸಂಸ್ಥೆಗಳಲ್ಲೊಂದು. ಅದರ 'ಸಂತ ತುಕಾರಾಮ್' ವೆನಿಸ್ಸಿನವರೆಗೆ ಹೋಗಿ ಮೆಚ್ಚುಗೆ ಪಡೆದಿತ್ತು. ಅಲ್ಲಿ 1938ರಲ್ಲಿ 'ಮಾಝಾ ಮುಲಗಾ', ಮರುವರ್ಷ ವಿ. ಶಾಂತಾರಾಮರ 'ಮಾಣೂಸ್'.

'ಮಾಣೂಸ್' ಎಂದರೆ ಮನುಷ್ಯ. ಹಿಂದಿಯಲ್ಲಿ ಅದೇ 'ಆದ್ಮೀ'. ನಾನು ಇದನ್ನು ನೋಡಿದ್ದು ಬಹಳ ತಡವಾಗಿ, ಒಂದು ಚಿತ್ರಸಂಘದವರು ತರಿಸಿದ್ದ ಗೀರು ಬಿದ್ದ ಪ್ರತಿಯಲ್ಲಿ. ಆದರೂ ಅದರ ಬಿಸಿ ಆರಿರಲಿಲ್ಲ. ಗಣಪತ ಒಬ್ಬ ಸಾಮಾನ್ಯ ಪೊಲೀಸ್ ಪೇದೆ. ಪಾತ್ರಧಾರಿ ಶಾಹು ಮೋಡಕ. ಪೊಲೀಸರು ದಾಳಿಯಿಟ್ಟ ರಾತ್ರಿ ಮೈನಾ ಎಂಬ ವೇಶ್ಯೆಯನ್ನು ಅವನು ಸಿಕ್ಕಿಬೀಳದಂತೆ ಉಳಿಸುತ್ತಾನೆ. ಅಲ್ಲಿಂದ ಇಬ್ಬರ ನಡುವೆ ಒಂದು ಮಮತೆ ಹುಟ್ಟುತ್ತದೆ. ಅವಳನ್ನು ತಾಯಿಯ ಮನೆಗೆ ಕರೆದೊಯ್ಯಬೇಕು, ಸಂಸಾರ ಹೂಡಬೇಕೆಂಬುದು ಅವನ ಆಸೆ. ಆ ಮನೆಯ ಪಾವಿತ್ರ್ಯವನ್ನು ಕಂಡಾಗ ಮೈನಾಳಿಗೆ ತನ್ನ ಮೇಲೆಯೇ ನಂಬಿಕೆ ಸಾಲದು, ಓಡಿಹೋಗುತ್ತಾಳೆ. ಕೊನೆಗೆ ತನ್ನನ್ನು ಹಿಂಡುತ್ತಿದ್ದ ಮಾವನ ಕೊಲೆ ಅವಳ ಕೈಯಿಂದ ಆಗಿ ಸೆರೆಮನೆ ಸೇರುತ್ತಾಳೆ. ತಪ್ಪಿಸಿಕೊಂಡು ಹೋಗೋಣವೆಂದು ಗಣಪತ ಕರೆದರೂ ಒಪ್ಪುವುದಿಲ್ಲ.

ಇಲ್ಲಿಗೆ ಕಥೆ ನಿಂತಿದ್ದರೆ ಅದು 'ದೇವದಾಸ'ನ ಇನ್ನೊಂದು ಅವತಾರವಾಗುತ್ತಿತ್ತು. 1935ರಲ್ಲಿ ಬರುವಾ ಅವರ 'ದೇವದಾಸ್' ಬಂದಮೇಲೆ ಪ್ರೇಮದಲ್ಲಿ ಸೋತು ಕುಡಿದು ಸಾಯುವುದೇ ದೊಡ್ಡತನವೆಂದು ತರುಣರು ಭಾವಿಸತೊಡಗಿದ್ದರು. ಶಾಂತಾರಾಮರಿಗೆ ಅದು ಸರಿಬರಲಿಲ್ಲ. ಅವರ ಗಣಪತ ಸಾಯಹೊರಟವನು ಸಾಯದೆ ತನ್ನ ಕೆಲಸಕ್ಕೆ ಮರಳುತ್ತಾನೆ. ಬದುಕು ಪ್ರೇಮಕ್ಕಿಂತ ದೊಡ್ಡದು ಎಂಬುದು ನಿರ್ದೇಶಕರ ವಾದ. ವಾದವೇನೋ ಸರಿ. ಆದರೆ ನನಗೆ ಅನ್ನಿಸುವುದು ಇಷ್ಟು: ಬದುಕಿಗೆ ಮರಳುವ ಅವಕಾಶ ಗಣಪತನಿಗೆ ಇದೆ, ಮೈನಾಳಿಗೆ ಇಲ್ಲ. ಚಿತ್ರ ಈ ಅನ್ಯಾಯವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಶಾಂತಾಬಾಯಿಯವರ ಮುಖ ಹೇಳುತ್ತದೆ.

ಅವರ ಅಭಿನಯದ ಹೆಚ್ಚುಗಾರಿಕೆಯೂ ಇಲ್ಲಿಯೇ ಇದೆ. ಕಂಪನಿ ನಾಟಕದಲ್ಲಿ ಬೆಳೆದವರು ಕ್ಯಾಮರದ ಮುಂದೆಯೂ ಕಡೆಯ ಸಾಲಿನ ನಾಲ್ಕಾಣೆ ಪ್ರೇಕ್ಷಕನಿಗೆ ಕೇಳಿಸುವಂತೆ ಕೂಗುವುದು ಆ ಕಾಲದ ದೊಡ್ಡ ದೋಷವಾಗಿತ್ತು. ಈಕೆ ಹಾಗೆ ಮಾಡಲಿಲ್ಲ. ಮಾತಿನಲ್ಲಿ ಬೀದಿಯ ಒರಟುತನವಿದೆ, ನಗುವಿನಲ್ಲಿ ಗಿರಾಕಿಯನ್ನು ಅಳೆಯುವ ಜಾಣತನವಿದೆ, ಆ ನಗು ತುಟಿಯಿಂದ ಇಳಿಯುವಾಗ ಕಣ್ಣಿನಲ್ಲಿ ಆಯಾಸ ಉಳಿದಿರುತ್ತದೆ. ಬೇರೆ ಬೇರೆ ಪ್ರಾಂತದ ಗಿರಾಕಿಗಳಿಗಾಗಿ ಮೈನಾ ಹಲವು ಭಾಷೆಗಳಲ್ಲಿ ಹಾಡುವ ಪ್ರಸಿದ್ಧ ಹಾಡಿದೆಯಲ್ಲ, ಮಾಸ್ಟರ್ ಕೃಷ್ಣರಾಯರ ಸಂಗೀತದ್ದು, ಅದನ್ನು ಬಹಳ ಜನ ತಮಾಷೆಯ ಹಾಡೆಂದು ಕೇಳಿ ಬಿಟ್ಟಿದ್ದಾರೆ. ನಾಳೆಯ ಗೊಡವೆ ಏಕೆ ಎಂಬುದು ಅದರ ಭಾವ. ಹೊಟ್ಟೆಗಾಗಿ ಎದುರಿದ್ದವನ ಭಾಷೆಯನ್ನು ಬಾಯಿಗೆ ತಂದುಕೊಳ್ಳಬೇಕಾದ ಹೆಣ್ಣಿನ ಹಾಡು ಅದು. ಕನ್ನಡದ ನಾಲಗೆಯಿಂದ ಹೊರಟು ಮರಾಠಿ, ಹಿಂದಿಗಳನ್ನು ದುಡಿಮೆಗಾಗಿ ಒಲಿಸಿಕೊಂಡವರು ಅದನ್ನು ಹಾಡಿದರೆಂದು ತಿಳಿದು ಕೇಳಿದರೆ ತಮಾಷೆ ಸ್ವಲ್ಪ ಕಡಿಮೆಯಾಗುತ್ತದೆ.

ಆ ಕಾಲದ ಸ್ಟುಡಿಯೋ ಎಂದರೆ ಒಂದು ಕಾರಖಾನೆ. ನಟಿ ಸಂಬಳದಾಕೆ, ಕರಾರು ಬರೆದುಕೊಟ್ಟಮೇಲೆ ಬೇರೆ ಕಡೆ ನಟಿಸುವಂತಿಲ್ಲ. 'ಮಾಣೂಸ್' ಬಂದ 1939ರಲ್ಲಿಯೇ ಪ್ರಭಾತಿನ ಇನ್ನೊಬ್ಬ ಶಾಂತಾ, ಶಾಂತಾ ಆಪ್ಟೆಯವರು, ಕರಾರಿನ ತಕರಾರಿನಲ್ಲಿ ಸಂಸ್ಥೆಯ ಹೆಬ್ಬಾಗಿಲಿನ ಮುಂದೆಯೇ ಉಪವಾಸ ಕುಳಿತರು. ಹಾಲಿವುಡ್ಡಿನಲ್ಲಿಯೂ ಕಥೆ ಬೇರೆಯಾಗಿರಲಿಲ್ಲ. ಬೆಟ್ಟಿ ಡೇವಿಸ್ 1936ರಲ್ಲಿ ತನ್ನ ಕಂಪನಿಯನ್ನು ಧಿಕ್ಕರಿಸಿ ಲಂಡನ್ನಿನ ಕೋರ್ಟಿನಲ್ಲಿ ಸೋತು ಮರಳಿದರು. ಆಲಿವಿಯಾ ದೆ ಹ್ಯಾವಿಲ್ಯಾಂಡ್ 1944ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಗೆದ್ದಮೇಲೆಯೇ ಅಲ್ಲಿನ ನಟನಟಿಯರಿಗೆ ಉಸಿರಾಡಲು ಜಾಗ ಸಿಕ್ಕಿತು. ನಮ್ಮಲ್ಲಿ ಕೋರ್ಟಿಗೆ ಹೋದವರಿಗಿಂತ ಮದುವೆಯಾಗಿ ಮನೆ ಸೇರಿದವರೇ ಹೆಚ್ಚು.

ಶಾಂತಾಬಾಯಿಯವರೂ ಮದುವೆಯಾಗಿ ಪುಣೆಯಲ್ಲಿ ಸಂಸಾರ ಹೂಡಿದರು. ಪ್ರಭಾತ್ ಬಿಟ್ಟಿತು. ಕನ್ನಡಕ್ಕೆ ಅವರು ಮರಳಿದ್ದು 1942ರಲ್ಲಿ, ಗುಬ್ಬಿ ವೀರಣ್ಣನವರ 'ಜೀವನ ನಾಟಕ'ಕ್ಕೆ. ವಹಾಬ್ ಕಾಶ್ಮೀರಿ ನಿರ್ದೇಶಿಸಿದ, ಕೆಂಪರಾಜ ಅರಸು ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡ ಸಾಮಾಜಿಕ ಚಿತ್ರ ಅದು. ಪುರಾಣದ ಕಿರೀಟಗಳೇ ತುಂಬಿದ್ದ ಅಂದಿನ ಕನ್ನಡ ತೆರೆಗೆ ಈ ನಟಿಯ ಸಹಜತೆ ಎಷ್ಟು ಉಪಕಾರ ಮಾಡಬಹುದಿತ್ತು! ಆದರೆ ಚಿತ್ರ ತೆಗೆಯುವವರೇ ಬೆರಳೆಣಿಕೆಯಷ್ಟಿದ್ದಾಗ ಕರೆಯುವವರು ಯಾರು? ಕೆಲವು ಹಿಂದಿ, ಮರಾಠಿ ಚಿತ್ರಗಳ ನಂತರ ಅವರ ಹೆಸರು ಜಾಹೀರಾತುಗಳಿಂದ ಬಹುಮಟ್ಟಿಗೆ ಮರೆಯಾಯಿತು.

ಈಗ ಆ ಗಾರ್ಬೊ ಮಾತಿಗೆ ಬರೋಣ. ಗಾರ್ಬೊ ದುಡಿದದ್ದನ್ನು ಕೈಬಿಡಲಿಲ್ಲ. ಮನೆ, ನಿವೇಶನ, ಚಿತ್ರಕಲೆಯ ಬೆಲೆಬಾಳುವ ಕೃತಿಗಳು, ಎಲ್ಲವೂ ಇದ್ದವು. ಯಾರನ್ನೂ ನೋಡಬೇಕಿಲ್ಲ ಎಂದು ಬಾಗಿಲು ಹಾಕಿಕೊಳ್ಳುವುದಕ್ಕೆ ಮೊದಲು ಒಂದು ಬಾಗಿಲು ಇರಬೇಕಷ್ಟೆ. ಅವರ ಏಕಾಂತ ಅವರೇ ಆರಿಸಿಕೊಂಡದ್ದು, ಕೊಂಡುಕೊಂಡದ್ದು. ನಮ್ಮ ಶಾಂತಾಬಾಯಿಯವರು ಇಳಿವಯಸ್ಸಿನಲ್ಲಿ ಮನೆಯಿಂದ ದೂರವಾಗಿ ಆಶ್ರಮವಾಸ ಮಾಡಬೇಕಾಯಿತು. ಒಂದು ಕಾಲಕ್ಕೆ ಇಡೀ ದೇಶ ಗುನುಗಿದ ಹಾಡಿನ ಒಡತಿ ಬದುಕಿದ್ದಾರೆಂಬುದೇ ಬಹಳ ಜನರಿಗೆ ತಿಳಿದಿರಲಿಲ್ಲ. ಎರಡೂ ಏಕಾಂತಗಳೇ. ಆದರೆ ಒಂದನ್ನು ಕುರಿತು ಪತ್ರಿಕೆಗಳು ಕಾವ್ಯ ಬರೆದವು, ಇನ್ನೊಂದನ್ನು ಕುರಿತು ಅನುಕಂಪ ಬರೆದವು. ಆ ಅನುಕಂಪವೂ ತಡವಾಗಿ ಬಂತು.

ಅನುಕಂಪವನ್ನು ಮಾತ್ರ ಅವರು ಕೈಚಾಚಿ ತೆಗೆದುಕೊಂಡಂತೆ ಕಾಣುವುದಿಲ್ಲ. 1990ರಲ್ಲಿ ತಮ್ಮ ಆತ್ಮಕಥೆಯನ್ನು ಮರಾಠಿಯಲ್ಲಿ ಪ್ರಕಟಿಸಿದಾಗ ಅದಕ್ಕೆ ಅವರು ಇಟ್ಟ ಹೆಸರು 'ಕಶಾಲಾ ಉದ್ಯಾಚೀ ಬಾತ್'. ನಾಳೆಯ ಗೊಡವೆ ಬೇಡವೆಂದ ಮೈನಾಳ ಆ ಹಾಡಿನ ಮೊದಲ ಮಾತುಗಳೇ ಅವು. ಹಾಡಿದ್ದು ಇಪ್ಪತ್ತೈದರಲ್ಲಿ, ಪುಸ್ತಕದ ಹೊದಿಕೆಗೆ ಬರೆದದ್ದು ಎಪ್ಪತ್ತಾರರಲ್ಲಿ. ನಡುವೆ ಎಷ್ಟು ನಾಳೆಗಳು ಬಂದುಹೋಗಿದ್ದವೆಂಬುದು ಬರೆದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1992ರ ಜುಲೈಯಲ್ಲಿ ಅವರು ಪುಣೆಯಲ್ಲಿ ತೀರಿಕೊಂಡರು. ಪ್ರಭಾತಿನ ಹಳೆಯ ಅಂಗಳದಲ್ಲಿ ಆ ಹೊತ್ತಿಗೆ ಸರಕಾರದ ಚಲಚ್ಚಿತ್ರ ಶಿಕ್ಷಣ ಸಂಸ್ಥೆ ಮೂರು ದಶಕ ಕಳೆದಿತ್ತು.

ಬೆಟಗೇರಿಯ ನಮ್ಮ ಮನೆಯಲ್ಲಿ ದೊಡ್ಡವ್ವನೊಬ್ಬರಿದ್ದರು. ಮಗ್ಗದ ಮನೆ, ಮಧ್ಯಾಹ್ನವೆಲ್ಲ ಕಂಡಿಕಿ ಸುತ್ತುತ್ತ ಕುಳಿತಿರುತ್ತಿದ್ದರು. ಸುತ್ತುವಾಗ ಒಂದು ಧಾಟಿಯನ್ನು ಮೂಗಿನಲ್ಲೇ ಹಾಡಿಕೊಳ್ಳುವರು, ಮಾತು ಬರುತ್ತಿರಲಿಲ್ಲ. ಎಲ್ಲಿಯದೆಂದು ಕೇಳಿದರೆ "ಯಾವುದೋ ಮರಾಠಿ ನಾಟಕದ್ದಪಾ" ಎನ್ನುವರು. ಆ ಚಿತ್ರ ನೋಡಿಕೊಂಡು ಬಂದಮೇಲೆ ನನಗೆ ಧಾಟಿಯ ಗುರುತು ಹತ್ತಿತು. ಇದನ್ನು ಹಾಡಿದವರು ಮರಾಠಿಯವರಲ್ಲ, ಹುಬ್ಬಳ್ಳಿ ಹತ್ತಿರದ ಅದರಗುಂಚಿಯವರು ಎಂದು ಹೇಳಿದೆ. ದೊಡ್ಡವ್ವ ರಾಟಿಯ ಮೇಲಿನ ಕೈ ನಿಲ್ಲಿಸಿದರು.

"ಹೌದೇನ? ನಮ್ಮ ಕಡಿಯಾಕಿನೇನು?" ಎಂದು ಕೇಳಿ, ಮತ್ತೆ ಮೊದಲಿನಿಂದ ಹಾಡತೊಡಗಿದರು.